ವಿಮಾನದ ಬಾಗಿಲವರೆಗೆ ಅದು ನನ್ನ ಕಾಲು, ಆಮೇಲೆ ಲಗೇಜು

ಮಾನ್ಯ ಸಂಪಾದಕರೇ, ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಪತ್ರಗಳ ಅಂಕಣದಲ್ಲಿ ಒಬ್ರು ಬರೆದಿದ್ರು, ಅಂಗವಿಕಲರ ಹಕ್ಕಿನ ಬಗ್ಗೆ ಮಾತಾಡೋಕೆ ಅಂಗವಿಕಲರನ್ನೇ ದೇಶದಿಂದ ದೇಶಕ್ಕೆ ಯಾಕೆ ಓಡಾಡಿಸ್ಬೇಕು, ಈಗ ಎಲ್ಲಾ ಮೀಟಿಂಗೂ ವಿಡಿಯೋದಲ್ಲೇ ಆಗುತ್ತಲ್ಲ, ಪಾಪ ಅವರಿಗೂ ತ್ರಾಸ ತಪ್ಪುತ್ತೆ ಅಂತ. ಅವರು ಕಾಳಜಿಯಿಂದ್ಲೇ ಬರೆದಿದ್ದಾರೆ, ಅದ್ರಲ್ಲಿ ನಂಗೆ ಅನುಮಾನ ಇಲ್ಲ. ಆದ್ರೆ ಆ ಪತ್ರ ಓದಿದ ದಿನದಿಂದ ಮನಸ್ಸಿಗೆ ಸಮಾಧಾನ ಇಲ್ಲ, ಅದಕ್ಕೇ ಬರೀತಾ ಇದೀನಿ, ಸ್ವಲ್ಪ ಉದ್ದ ಆದ್ರೆ ದಯವಿಟ್ಟು ಕತ್ತರಿಸ್ಬೇಡಿ.

ನಂಗೆ ಎರಡು ವರ್ಷ ಇದ್ದಾಗ ಪೋಲಿಯೋ ಆಯ್ತು. ಮೊದಲು ಕೈಯಲ್ಲಿ ತಳ್ಕೊಂಡು ಹೋಗೋ ವೀಲ್‌ಚೇರ್ ಇತ್ತು, ಈಗ ವಯಸ್ಸಾಗ್ತಾ ಕೈಯಲ್ಲೂ ಬಲ ಕಮ್ಮಿ ಆಗಿ ಬ್ಯಾಟರಿ ವೀಲ್‌ಚೇರಲ್ಲಿ ಓಡಾಡ್ತೀನಿ. ಅಂಗವಿಕಲರ ಸಂಘದ ಪರವಾಗಿ ಎರಡು ಸಲ ಜಿನೀವಾಗೆ, ಒಂದು ಸಲ ನ್ಯೂಯಾರ್ಕಿಗೆ ಹೋಗಿ ಬಂದಿದೀನಿ. ವಿಡಿಯೋ ಮೀಟಿಂಗಲ್ಲೂ ಕೂತಿದೀನಿ. ಎರಡನ್ನೂ ನೋಡಿದವಳಾಗಿ ಹೇಳ್ತೀನಿ, ಒಂದರ ಜಾಗಕ್ಕೆ ಇನ್ನೊಂದು ಬರೋಲ್ಲ.

ಸ್ವಲ್ಪ ಹಿಂದಕ್ಕೆ ಹೋಗ್ಬೇಕು. 1980ರಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ ರೀಹ್ಯಾಬಿಲಿಟೇಶನ್ ಇಂಟರ್‌ನ್ಯಾಷನಲ್ ಅನ್ನೋ ಸಂಸ್ಥೆಯ ವಿಶ್ವ ಸಮ್ಮೇಳನ ನಡೀತು. ಡಾಕ್ಟರುಗಳು, ಥೆರಪಿಯವರು, ಅಧಿಕಾರಿಗಳು ಸೇರಿ ಅಂಗವಿಕಲರಿಗೆ ಏನು ಬೇಕು ಅಂತ ತೀರ್ಮಾನ ಮಾಡೋ ಸಭೆ ಅದು. ಅಲ್ಲಿಗೆ ಬೇರೆ ಬೇರೆ ದೇಶದಿಂದ ಬಂದಿದ್ದ ಅಂಗವಿಕಲರು, ಸಂಸ್ಥೆ ನಡೆಸೋದ್ರಲ್ಲಿ ಅರ್ಧ ಪಾಲು ನಮಗೇ ಇರ್ಲಿ ಅಂತ ಕೇಳಿದ್ರು. ಆಗಲ್ಲ ಅಂತ ಆಯ್ತು. ಅವತ್ತು ಅವರೆಲ್ಲ ಎದ್ದು ಬೇರೆ ಸೇರಿ, ನಮ್ಮದೇ ಸಂಘ ಕಟ್ಟೋಣ ಅಂದ್ರು, ಮುಂದಿನ ವರ್ಷ 1981ರಲ್ಲಿ ಸಿಂಗಪುರದಲ್ಲಿ ಡಿಸೇಬಲ್ಡ್ ಪೀಪಲ್ಸ್ ಇಂಟರ್‌ನ್ಯಾಷನಲ್ ಹುಟ್ಟಿತು, ಸಿಂಗಪುರದವರೇ ಆದ, ಕಣ್ಣು ಕಾಣದ ರಾನ್ ಚಂದ್ರನ್ ಡಡ್ಲಿ ಅದರ ಮೊದಲ ಅಧ್ಯಕ್ಷರಾದ್ರು. ಈಗ ಯೋಚನೆ ಮಾಡಿ, ಆ ಜನ ಅವತ್ತು ಮನೇಲೇ ಇದ್ದು ಕಾಗದ ಬರೆದಿದ್ರೆ ಏನಾಗ್ತಿತ್ತು? ಕಾಗದ ಫೈಲಿಗೆ ಹೋಗ್ತಿತ್ತು, ಅಷ್ಟೇ. ಒಂದೇ ಊರಲ್ಲಿ, ಒಂದೇ ಕಟ್ಟಡದಲ್ಲಿ ಇದ್ರು, ಅವಮಾನ ಆದಾಗ ಒಬ್ಬರ ಮುಖ ಒಬ್ಬರು ನೋಡಿದ್ರು, ಅದಕ್ಕೇ ಸಂಘ ಆಯ್ತು.

ಆಮೇಲೆ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ. 2002ರಿಂದ 2006ರವರೆಗೆ ನ್ಯೂಯಾರ್ಕಲ್ಲಿ ಎಂಟು ಸಲ ಸೇರಿ ಅದರ ಒಂದೊಂದು ವಾಕ್ಯಾನೂ ಚರ್ಚೆ ಮಾಡಿ ಬರೆದ್ರು, ಸರ್ಕಾರದ ಪ್ರತಿನಿಧಿಗಳ ಜೊತೆ ಅದೇ ಹಾಲಲ್ಲಿ ಕುರುಡರು, ಕಿವುಡರು, ವೀಲ್‌ಚೇರಲ್ಲಿ ಇರೋರು, ಮಾನಸಿಕ ಆಸ್ಪತ್ರೆಗಳಿಂದ ಬದುಕಿ ಬಂದವರು ಎಲ್ಲಾ ಕೂತಿದ್ರು. 'ನಮ್ಮನ್ನು ಬಿಟ್ಟು ನಮ್ಮ ಬಗ್ಗೆ ಏನೂ ಬೇಡ' ಅನ್ನೋದು ಅವರ ಘೋಷಣೆ. 2006ರ ಡಿಸೆಂಬರ್ 13ಕ್ಕೆ ಅದು ಪಾಸಾಯ್ತು, 2007ರ ಮಾರ್ಚ್ 30ಕ್ಕೆ ಸಹಿಗೆ ಇಟ್ಟ ಮೊದಲ ದಿನವೇ 82 ದೇಶ ಸಹಿ ಹಾಕಿದ್ವು, ಭಾರತ ಅದೇ ವರ್ಷ ಅಕ್ಟೋಬರಲ್ಲಿ ಒಪ್ಕೊಂಡಿತು. ಅದರ 4ನೇ ವಿಧಿಯಲ್ಲೇ ಇದೆ, ಅಂಗವಿಕಲರಿಗೆ ಸಂಬಂಧಪಟ್ಟ ಕಾನೂನು ಮಾಡುವಾಗ ಅವರನ್ನೇ ಕೇಳಿ ಮಾಡ್ಬೇಕು ಅಂತ. ಆ ಮಾತು ಅಲ್ಲಿ ಸೇರಿದ್ದು ಅದನ್ನ ಕೇಳೋರು ಅಲ್ಲೇ ಕೂತಿದ್ದಕ್ಕೆ ಅಂತ ನಾನು ನಂಬಿದೀನಿ.

ಸರಿ, ಹೋಗ್ಲೇಬೇಕು ಅಂತಾಯ್ತು. ಹೋಗೋದು ಹೇಗೆ?

ಟಿಕೆಟ್ ಬುಕ್ ಮಾಡಿದ ದಿನದಿಂದ ಫೋನು, ಇಮೇಲು ಶುರು. ವೀಲ್‌ಚೇರ್ ತೂಕ ಎಷ್ಟು, ಎತ್ತರ ಎಷ್ಟು, ಬ್ಯಾಟರಿ ವೆಟ್ಟಾ ಡ್ರೈಯಾ ಲಿಥಿಯಮ್ಮಾ, ಎಷ್ಟು ವ್ಯಾಟ್ ಅವರ್, ಬ್ಯಾಟರಿ ಬಿಚ್ಚೋಕೆ ಬರುತ್ತಾ. ನಾನು ಇದನ್ನೆಲ್ಲ ಬಾಯಿಪಾಠ ಮಾಡಿದೀನಿ. ಒಬ್ಬರಿಗೆ ಹೇಳಿದ್ರೆ ಮುಗೀಲಿಲ್ಲ, ಕೌಂಟರಲ್ಲಿ ಮತ್ತೆ, ಸೆಕ್ಯೂರಿಟಿಯಲ್ಲಿ ಮತ್ತೆ, ಗೇಟಲ್ಲಿ ಮತ್ತೆ. ಯೂರೋಪಲ್ಲಿ 1107/2006 ಅಂತ ನಿಯಮ ಇದೆ, 48 ಗಂಟೆ ಮುಂಚೆ ತಿಳಿಸಿದ್ರೆ ಏರ್‌ಪೋರ್ಟಲ್ಲಿ ಸಹಾಯ ಮಾಡ್ಲೇಬೇಕು, ಅದಕ್ಕೆ ದುಡ್ಡು ಕೇಳೋ ಹಾಗಿಲ್ಲ, ಅಂಗವಿಕಲರು ಅನ್ನೋ ಕಾರಣಕ್ಕೆ ಬುಕಿಂಗ್ ಬೇಡ ಅನ್ನೋ ಹಾಗಿಲ್ಲ. ಒಳ್ಳೆ ನಿಯಮ. ಆದ್ರೆ 48 ಗಂಟೆ ಮುಂಚೆ ತಿಳಿಸಿದ್ದು ಗೇಟಲ್ಲಿ ನಿಂತಿರೋ ಹುಡುಗನ ಕಂಪ್ಯೂಟರಿಗೆ ಬಂದಿರ್ಬೇಕಲ್ಲ.

ಕೌಂಟರಲ್ಲಿ ಯಾವಾಗ್ಲೂ ನನ್ನ ತಂಗಿ ಮುಖ ನೋಡೇ ಕೇಳೋದು, "ಇವರು ಸ್ವಲ್ಪಾನಾದ್ರೂ ನಡೀತಾರಾ?" ತಂಗಿ ಪ್ರತಿ ಸಲ ಒಂದೇ ಉತ್ತರ ಕೊಡ್ತಾಳೆ, "ಅಕ್ಕನ್ನೇ ಕೇಳಿ, ಭಾಷಣ ಮಾಡೋಕೆ ಹೊರಟಿರೋದು ಅವಳು." ನನ್ನ ಕಣ್ಣು ಕಾಣದ ಗೆಳೆಯರೊಬ್ರಿಗೆ ಇಮಿಗ್ರೇಶನ್‌ನಲ್ಲೂ ಹೀಗೇ, ಅವರ ಪಾಸ್‌ಪೋರ್ಟ್ ಕೈಯಲ್ಲಿ ಹಿಡ್ಕೊಂಡು ಪಕ್ಕದವರನ್ನ ಕೇಳ್ತಾರೆ, ಇವರು ಯಾಕೆ ಬಂದಿದ್ದಾರೆ ಅಂತ.

ಇನ್ನೊಂದು ವಿಷಯ ಪತ್ರಿಕೆಯಲ್ಲಿ ಬರೆಯೋಕೆ ಸಂಕೋಚ ಆದ್ರೂ ಬರೀತೀನಿ. ಹೊರಡೋ ಹಿಂದಿನ ದಿನ ಮಧ್ಯಾಹ್ನದಿಂದ ನಾನು ನೀರು ಕಮ್ಮಿ ಮಾಡ್ತೀನಿ, ಹೊರಡೋ ದಿನ ಗುಳಿಗೆ ನುಂಗೋಕೆ ಒಂದು ಗುಟುಕು, ಅಷ್ಟೇ. ವಿಮಾನದ ಟಾಯ್ಲೆಟ್ಟಿಗೆ ಹೋಗೋಕೆ ಆಗಲ್ಲ ಅಂತ. ಒಳಗೆ ಸೀಟುಗಳ ನಡುವೆ ಹೋಗೋ ಸಣ್ಣ ಕುರ್ಚಿ ಇರುತ್ತೆ ಅಂತಾರೆ, ಇದ್ರೂ ಅದನ್ನ ಟಾಯ್ಲೆಟ್ ಬಾಗಿಲವರೆಗೆ ತರ್ತಾರೆ, ಅಲ್ಲಿಂದ ಒಳಗೆ ನನ್ನನ್ನ ಎತ್ತೋರು ಯಾರು, ಎತ್ತೋಕೆ ಜಾಗ ಎಲ್ಲಿದೆ? ಸಣ್ಣ ವಿಮಾನಗಳಲ್ಲಿ ಒಬ್ಬರು ಸರಿಯಾಗಿ ನಿಲ್ಲೋಕೇ ಜಾಗ ಇಲ್ಲ. ಅಮೆರಿಕದಲ್ಲಿ 2023ರಲ್ಲಿ ಇದಕ್ಕೊಂದು ನಿಯಮ ಮಾಡಿದ್ರು, ಮಧ್ಯೆ ಒಂದೇ ದಾರಿ ಇರೋ ಹೊಸ ದೊಡ್ಡ ವಿಮಾನಗಳಲ್ಲಿ ವೀಲ್‌ಚೇರಿನವರು ಬಳಸೋಕೆ ಆಗೋ ಟಾಯ್ಲೆಟ್ ಇರ್ಬೇಕು ಅಂತ, ಆದ್ರೆ ಅದು ಜಾರಿಗೆ ಬರೋದು 2030ರ ದಶಕದಲ್ಲಿ. ಅಲ್ಲೀವರೆಗೆ ಹತ್ತು ಹನ್ನೆರಡು ಗಂಟೆ ಒಣ ಬಾಯಲ್ಲಿ ಕೂತು, ಇಳಿದು, ಎಲ್ಲರಿಗಿಂತ ಕೊನೆಗೆ ಇಳಿದು, ಮಾರನೇ ದಿನ ಬೆಳಿಗ್ಗೆ ಹಕ್ಕಿನ ಬಗ್ಗೆ ಮಾತಾಡೋದು. ತಲೆನೋವು ಇರುತ್ತೆ, ಉರಿಮೂತ್ರ ಶುರುವಾಗಿರುತ್ತೆ. ವೇದಿಕೆ ಮೇಲಿನ ಫೋಟೋದಲ್ಲಿ ಅದು ಕಾಣಲ್ಲ.

ಈಗ ವೀಲ್‌ಚೇರಿನ ಮಾತು. ವಿಮಾನದ ಬಾಗಿಲ ಹತ್ರ ಇಬ್ರು ಬಂದು ಒಬ್ರು ಕಂಕುಳಿಗೆ ಕೈ ಹಾಕಿ, ಇನ್ನೊಬ್ರು ಮಂಡಿ ಕೆಳಗೆ ಹಿಡಿದು ಎತ್ತಿ ಆ ಸಣ್ಣ ಕುರ್ಚಿಗೆ ಹಾಕ್ತಾರೆ, ಎದೆಗೆ ಕಾಲಿಗೆ ಬೆಲ್ಟ್ ಬಿಗೀತಾರೆ. ಆ ಕ್ಷಣದಿಂದ ನನ್ನ ವೀಲ್‌ಚೇರ್ ಲಗೇಜು. ಕತ್ತು ತಿರುಗಿಸಿ ನೋಡಿದ್ರೆ ಯಾರೋ ಅದನ್ನ ಎಳ್ಕೊಂಡು ಹೋಗ್ತಿರ್ತಾರೆ. ನಾನು ಅದರ ಬೆನ್ನಿಗೆ ಒಂದು ಹಾಳೆ ಲ್ಯಾಮಿನೇಟ್ ಮಾಡಿಸಿ ಕಟ್ಟಿರ್ತೀನಿ, ಬಾಣದ ಗುರುತು ಹಾಕಿ ಚಿತ್ರ ಬರೆದು: ಮೋಟರ್ ಬಿಡಿಸೋ ಲಿವರ್ ಇಲ್ಲಿದೆ, ಇಲ್ಲಿ ಹಿಡಿದು ಎತ್ತಿ, ಮಲಗಿಸ್ಬೇಡಿ, ವೀಲ್‌ಚೇರ್ ಓಡಿಸೋ ಜಾಯ್‌ಸ್ಟಿಕ್ ಹಿಡಿದು ಎಳೀಬೇಡಿ. ಎರಡನೇ ಸಲ ಹೋದಾಗ ಇಳಿದ ಏರ್‌ಪೋರ್ಟಲ್ಲಿ ನಲವತ್ತು ನಿಮಿಷ ಕಾದ ಮೇಲೆ ವೀಲ್‌ಚೇರ್ ಬಂತು. ಹಾಳೆ ಚೆನ್ನಾಗಿತ್ತು, ಒಂದು ಮೂಲೆ ಕೂಡ ಮಡಚಿರಲಿಲ್ಲ. ಜಾಯ್‌ಸ್ಟಿಕ್ ಬುಡದಿಂದ ಮುರಿದು ವೈರಿಗೆ ನೇತಾಡ್ತಾ ಇತ್ತು, ಕಾಲಿಡೋ ಪ್ಲೇಟ್ ಒಳಕ್ಕೆ ಬಾಗಿತ್ತು. ಅಲ್ಲಿದ್ದ ಸಿಬ್ಬಂದಿ ಒಂದು ಫಾರ್ಮ್ ಕೊಟ್ರು. ತಂಗಿ ಅತ್ತಳು, ನಂಗೆ ಅಳೋಕೂ ಬರಲಿಲ್ಲ, ಆ ವೈರು ಹಿಡ್ಕೊಂಡು ಕೂತಿದ್ದೆ.

ಆಮೇಲಿನ ಮೂರು ದಿನದ ಬಗ್ಗೆ ಹೇಳ್ಬೇಕು, ಯಾಕಂದ್ರೆ ವಿಡಿಯೋ ಸಾಕಲ್ವಾ ಅನ್ನೋ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಬಾಡಿಗೆಗೆ ಒಂದು ತಳ್ಳೋ ಕುರ್ಚಿ ಸಿಕ್ತು, ಬೆನ್ನಿಗೆ ಆಧಾರ ಇಲ್ಲದ್ದು, ತಂಗಿ ತಳ್ಳಿದಳು. ಸಭೆ ಒಳಗೆ ನನ್ನ ಎರಡು ನಿಮಿಷದ ಭಾಷಣ ಚೆನ್ನಾಗೇ ಆಯ್ತು, ಆದ್ರೆ ಜಿನೀವಾದಲ್ಲಿ ನಿಜವಾದ ಕೆಲಸ ಆಗೋದು ಭಾಷಣದಲ್ಲಿ ಅಲ್ಲ. ಅಲ್ಲಿ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಸಮಿತಿ ಅಂತ 18 ಜನ ಪರಿಣತರು ಕೂತು ಒಂದೊಂದು ದೇಶದ ಸರ್ಕಾರದ ವರದಿ ಹಿಡ್ಕೊಂಡು ಪ್ರಶ್ನೆ ಕೇಳ್ತಾರೆ. ಅವರಿಗೆ ನಮ್ಮಂಥ ಸಂಘಗಳು ಬೇರೆ ವರದಿ ಕೊಡ್ತೀವಿ, ಸರ್ಕಾರದವರು ಇಲ್ಲದಾಗ ಸ್ವಲ್ಪ ಹೊತ್ತು ಮಾತಾಡೋಕೂ ಬಿಡ್ತಾರೆ. ಅಲ್ಲಿಗೆ ಮುಗೀಲಿಲ್ಲ, ಉಳಿದದ್ದೆಲ್ಲ ಕಾರಿಡಾರಲ್ಲಿ, ಲಿಫ್ಟ್ ಮುಂದೆ, ಕಾಫಿ ಮಷಿನ್ ಪಕ್ಕ. ಮೊದಲ ಸಲ ಹೋದಾಗ ಕಣ್ಣಾರೆ ನೋಡಿದೀನಿ, ಬೇರೆ ದೇಶದ ಒಬ್ಬ ಹೆಂಗಸು, ನನ್ನ ಹಾಗೇ ಬ್ಯಾಟರಿ ವೀಲ್‌ಚೇರಲ್ಲಿ ಇದ್ದವರು, ಸಮಿತಿ ಸದಸ್ಯರೊಬ್ಬರ ಪಕ್ಕದಲ್ಲೇ ಅವರ ವೇಗಕ್ಕೆ ವೀಲ್‌ಚೇರ್ ಓಡಿಸ್ತಾ ಉದ್ದಕ್ಕೂ ಮಾತಾಡ್ತಾ ಹೋದ್ರು, "ನಮ್ಮ ಸರ್ಕಾರದವರು ಎಷ್ಟು ಶಾಲೆಗೆ ರ್‍ಯಾಂಪ್ ಹಾಕಿದೀವಿ ಅಂತ ಲೆಕ್ಕ ಕೊಡ್ತಾರೆ, ಎಷ್ಟು ಶಾಲೆಯ ಟಾಯ್ಲೆಟ್ ಬಾಗಿಲಲ್ಲಿ ವೀಲ್‌ಚೇರ್ ಹಿಡಿಯುತ್ತೆ ಅಂತ ಕೇಳಿ, ಅದೊಂದನ್ನ ಕೇಳಿ ಸಾಕು" ಅಂತ. ಮಾರನೇ ದಿನ ಆ ಪ್ರಶ್ನೆ ಬಂತು. ಸರ್ಕಾರದವರ ಹತ್ರ ಲೆಕ್ಕ ಇರಲಿಲ್ಲ. ಆ ಹೆಂಗಸು ಹಿಂದಿನ ಸಾಲಲ್ಲಿ ಕೂತು ಎರಡೂ ಕೈ ಬಾಯಿಗೆ ಒತ್ತಿ ಹಿಡ್ಕೊಂಡಿದ್ರು.

ವಿಡಿಯೋದಲ್ಲಿ ಕಾರಿಡಾರ್ ಇಲ್ಲ. ನನ್ನ ಜಾಯ್‌ಸ್ಟಿಕ್ ಮುರಿದ ಸಲ ನಂಗೂ ಕಾರಿಡಾರ್ ಇರಲಿಲ್ಲ. ನಾನು ಮಾತಾಡ್ಬೇಕು ಅಂದ್ಕೊಂಡಿದ್ದ ಒಬ್ರು ಸದಸ್ಯರು ಎದುರಿಗೇ ಹೋದ್ರು, ತಂಗಿ ಅಷ್ಟೊತ್ತಿಗೆ ನೀರು ತರೋಕೆ ಹೋಗಿದ್ದಳು, ನಾನು ಇದ್ದಲ್ಲೇ ಇದ್ದೆ. ಕೈ ಎತ್ತಿ ಕೂಗಿದೆ, ಅವರಿಗೆ ಕೇಳಲಿಲ್ಲ. ಅಷ್ಟು ದೂರದಿಂದ ಬಂದಿದ್ದು ಆ ಹತ್ತು ಹೆಜ್ಜೆಗೆ, ಆ ಹತ್ತು ಹೆಜ್ಜೆ ಆಗಲಿಲ್ಲ. ಇವತ್ತಿಗೂ ರಾತ್ರಿ ನೆನಪಾಗುತ್ತೆ.

ಇದು ನನ್ನೊಬ್ಬಳ ಕಥೆ ಅಲ್ಲ. ಅಮೆರಿಕದಲ್ಲಿ ವಿಮಾನ ಕಂಪನಿಗಳು ಎಷ್ಟು ವೀಲ್‌ಚೇರ್ ಹಾಳು ಮಾಡಿದ್ವು ಅಂತ ಲೆಕ್ಕ ಕೊಡ್ಬೇಕು ಅನ್ನೋ ಕಾನೂನು 2018ರಲ್ಲಿ ಬಂತು, ಯುದ್ಧದಲ್ಲಿ ಎರಡೂ ಕಾಲು ಕಳ್ಕೊಂಡ ಸೆನೆಟರ್ ಟ್ಯಾಮಿ ಡಕ್‌ವರ್ತ್ ಹಟ ಹಿಡಿದು ತಂದಿದ್ದು. 2023 ಒಂದೇ ವರ್ಷ ಅಲ್ಲಿನ ಕಂಪನಿಗಳು ಮುರಿದಿದ್ದು, ಕಳೆದಿದ್ದು, ತಡ ಮಾಡಿದ್ದು ಎಲ್ಲಾ ಸೇರಿ 11,527 ವೀಲ್‌ಚೇರ್ ಮತ್ತು ಸ್ಕೂಟರ್. 2021ರ ಜುಲೈಯಲ್ಲಿ ಎಂಗ್ರೇಶಿಯಾ ಫಿಗುರೋವಾ ಅನ್ನೋ ಹೋರಾಟಗಾರ್ತಿ ವಾಷಿಂಗ್ಟನ್‌ನಲ್ಲಿ ಹಕ್ಕಿನ ಹೋರಾಟಕ್ಕೆ ಹೋಗಿ ವಾಪಸ್ ಬರುವಾಗ ಅವರ ವೀಲ್‌ಚೇರ್ ಪುಡಿಯಾಗಿತ್ತು, ಅವರ ಮೈಗೆ ಹೊಂದೋ ಹಾಗೆ ಮಾಡಿಸಿದ್ದು ಅದು. ಏರ್‌ಪೋರ್ಟಲ್ಲಿ ಹೊಂದದ ಕುರ್ಚಿಯಲ್ಲಿ ಗಂಟೆಗಟ್ಟಲೆ ಕೂರಿಸಿದ್ರು, ಒಂದೇ ಕಡೆ ಒತ್ತಿ ಕೂತು ಮೈಯಲ್ಲಿ ಹುಣ್ಣು ಆಯ್ತು, ಸೋಂಕು ಏರಿ ಅದೇ ವರ್ಷ ಅಕ್ಟೋಬರ್ 31ಕ್ಕೆ ತೀರ್ಕೊಂಡ್ರು. ಲಗೇಜು ಹಾಳಾದ್ರೆ ಮನುಷ್ಯ ಸಾಯಲ್ಲ ಸಾರ್. ಅದು ಲಗೇಜ್ ಅಲ್ಲ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು?

ಆದ್ರೆ ಅಂತರರಾಷ್ಟ್ರೀಯ ವಿಮಾನದ ಕಾನೂನಲ್ಲಿ ಅದು ಇವತ್ತಿಗೂ ಲಗೇಜೇ. 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಚೆಕ್ ಇನ್ ಮಾಡಿದ ಸಾಮಾನು ಹಾಳಾದ್ರೆ ಪರಿಹಾರಕ್ಕೆ ಒಂದು ಮಿತಿ ಇದೆ, 2024ರ ಡಿಸೆಂಬರ್ 28ರಿಂದ ಅದು 1,519 ಎಸ್‌ಡಿಆರ್, ಅಂದ್ರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಲೆಕ್ಕದ ಘಟಕ. ಸೂಟ್‌ಕೇಸಿಗೂ ಅದೇ, ನನ್ನ ಕಾಲಿಗೂ ಅದೇ. ಮೈಗೆ ಅಳತೆ ಕೊಟ್ಟು ಮಾಡಿಸಿದ ಬ್ಯಾಟರಿ ವೀಲ್‌ಚೇರಿಗೆ ಅದು ಎಲ್ಲಿ ಸಾಲುತ್ತೆ. ಹೆಚ್ಚಿನ ಬೆಲೆ ಅಂತ ಮೊದಲೇ ಘೋಷಣೆ ಬರೆದುಕೊಡೋ ದಾರಿ ಇದೆ, ಅದು ನಂಗೆ ಗೊತ್ತಾಗಿದ್ದು ಜಾಯ್‌ಸ್ಟಿಕ್ ಮುರಿದ ಮೇಲೆ. ಓದೋರಲ್ಲಿ ಯಾರಾದ್ರೂ ಹೊರಡೋರಿದ್ರೆ ಚೆಕ್ ಇನ್ ಮಾಡುವಾಗ್ಲೇ ಕೇಳಿ, ಮತ್ತೆ ವೀಲ್‌ಚೇರ್ ಕೊಡೋ ಮುಂಚೆ ನಾಲ್ಕೂ ಕಡೆಯಿಂದ ಫೋಟೋ ತೆಗೆದಿಟ್ಕೊಳ್ಳಿ, ಸೀಟಿನ ದಿಂಬು ಮಾತ್ರ ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ, ಒಳಗೆ ತಗೊಂಡು ಹೋಗಿ.

ದುಡ್ಡಿರೋರಿಗೆ, ಅಧಿಕಾರ ಇರೋರಿಗೆ ಇದೆಲ್ಲ ಇರಲ್ಲ ಅನ್ಕೋಬೇಡಿ. 2021ರ ನವೆಂಬರಲ್ಲಿ ಗ್ಲಾಸ್ಗೋದ ಹವಾಮಾನ ಸಮ್ಮೇಳನಕ್ಕೆ ಬಂದಿದ್ದ ಇಸ್ರೇಲಿನ ಮಂತ್ರಿ ಕರೀನ್ ಎಲ್ಹರಾರ್, ವೀಲ್‌ಚೇರಲ್ಲಿ ಇರೋರು, ಮೊದಲ ದಿನ ಒಳಗೆ ಹೋಗೋಕೇ ಆಗದೆ ವಾಪಸ್ ಹೋದ್ರು, ಆಮೇಲೆ ಆಗಿನ ಬ್ರಿಟನ್ ಪ್ರಧಾನಿ ಬೋರಿಸ್ ಜಾನ್ಸನ್ ಕ್ಷಮೆ ಕೇಳಿದ್ರು. ಮಂತ್ರಿ ಆಗಿದ್ದಕ್ಕೆ ಪ್ರಧಾನಿ ಕ್ಷಮೆ ಕೇಳಿದ್ರು, ಸಂಘದ ಕಾರ್ಯಕರ್ತೆ ಆಗಿದ್ರೆ ಅದು ಸುದ್ದಿನೂ ಆಗ್ತಿರಲಿಲ್ಲ. ನಮ್ಮ ದೇಶದಲ್ಲೂ, ಸೆರೆಬ್ರಲ್ ಪಾಲ್ಸಿ ಇರೋ ಜೀಜಾ ಘೋಷ್ ಅವರು 2012ರಲ್ಲಿ ಅಂಗವೈಕಲ್ಯದ ಬಗ್ಗೆಯೇ ನಡೀತಿದ್ದ ಸಮ್ಮೇಳನಕ್ಕೆ ಹೊರಟಾಗ ವಿಮಾನದಿಂದ ಕೆಳಗೆ ಇಳಿಸಿದ್ರು. ಸುಪ್ರೀಂ ಕೋರ್ಟ್ 2016ರಲ್ಲಿ ಅವರ ಪರ ತೀರ್ಪು ಕೊಟ್ಟು 10 ಲಕ್ಷ ಪರಿಹಾರ ಕೊಡಿಸಿತು. ತೀರ್ಪು ಬಂತು, ಆದ್ರೆ ಆ ಸಮ್ಮೇಳನ ಅವರಿಗೆ ತಪ್ಪಿದ್ದು ತಪ್ಪಿದ್ದೇ.

ಜೊತೆಗೆ ಬರೋರ ಪ್ರಶ್ನೆ ಬೇರೆ ಇದೆ. ನನ್ನ ತಂಗಿ ಪ್ರವಾಸಕ್ಕೆ ಬರೋದಲ್ಲ, ಅವಳು ನನ್ನ ಕೈಕಾಲು. ಆದ್ರೂ ಅವಳಿಗೆ ಬೇರೆ ಟಿಕೆಟ್, ಬೇರೆ ವೀಸಾ, ಬೇರೆ ಇನ್ಶೂರೆನ್ಸ್. ಒಂದು ಸಲ ನಂಗೆ ವೀಸಾ ಬಂತು, ಅವಳಿಗೆ ಬರಲಿಲ್ಲ, ನೀವು ವಾಪಸ್ ಬರೋಕೆ ಕಾರಣ ಸಾಲದು ಅಂತ. ನನ್ನ ವೀಸಾಕ್ಕೆ ಅವಳಿಲ್ಲದೆ ಏನು ಅರ್ಥ? ಮತ್ತೆ ಕಾಗದ ಬರೆದು ಅರ್ಜಿ ಹಾಕಿ ಕೊನೇ ವಾರದಲ್ಲಿ ಬಂತು. ಕೆನಡಾದಲ್ಲಿ 2009ರಿಂದ ಒಳನಾಡು ವಿಮಾನಗಳಲ್ಲಿ ಒಬ್ಬ ವ್ಯಕ್ತಿ ಒಂದು ದರ ಅಂತ ಇದೆ, ಸಹಾಯಕರು ಬೇಕೇ ಬೇಕು ಅನ್ನೋರಿಗೆ ಎರಡನೇ ಸೀಟಿಗೆ ದೊಡ್ಡ ಕಂಪನಿಗಳು ದುಡ್ಡು ತಗೊಳೋ ಹಾಗಿಲ್ಲ. ದೇಶ ದಾಟಿದ ತಕ್ಷಣ ಅಲ್ಲೂ ಅದು ಲೆಕ್ಕಕ್ಕಿಲ್ಲ. ಸಮ್ಮೇಳನ ಮಾಡೋರು ಪ್ರತಿನಿಧಿಯ ಖರ್ಚು ಕೊಡ್ತೀವಿ ಅಂತ ಬರೀತಾರೆ, ಸಹಾಯಕರ ಖರ್ಚು ಕೇಳಿದ್ರೆ ಬಜೆಟ್ ಇಲ್ಲ ಅಂತಾರೆ. ಹಾಗಾದ್ರೆ ನೀವು ಕರೆದಿದ್ದು ನನ್ನನ್ನ ಅಲ್ಲ, ನನ್ನ ಹೆಸರನ್ನ.

ಇಷ್ಟೆಲ್ಲ ಕಷ್ಟ ಹೇಳಿ ಯಾಕೆ ಹೋಗ್ಬೇಕು ಅನ್ನೋರಿಗೆ ಮರಾಕೇಶ್ ನೆನಪು ಮಾಡ್ತೀನಿ. ಕಣ್ಣು ಕಾಣದವರಿಗೆ ಬ್ರೈಲ್ ಅಥವಾ ಆಡಿಯೋ ರೂಪದಲ್ಲಿ ಪುಸ್ತಕ ಮಾಡೋಕೆ ಕಾಪಿರೈಟ್ ಅಡ್ಡ ಬರ್ತಿತ್ತು, ಒಂದು ದೇಶದಲ್ಲಿ ಮಾಡಿದ್ದನ್ನ ಇನ್ನೊಂದು ದೇಶಕ್ಕೆ ಕಳಿಸೋಕೂ ಆಗ್ತಿರಲಿಲ್ಲ. ವರ್ಲ್ಡ್ ಬ್ಲೈಂಡ್ ಯೂನಿಯನ್‌ನವರು ವರ್ಷಗಟ್ಟಲೆ ಜಿನೀವಾಗೆ ಹೋಗಿ ಬಂದು ಹೋಗಿ ಬಂದು, ಕೊನೆಗೆ 2013ರ ಜೂನಲ್ಲಿ ಮೊರೊಕ್ಕೋದ ಮರಾಕೇಶಲ್ಲಿ ಕೂತು ಒಪ್ಪಂದ ಮಾಡಿಸಿದ್ರು. ಗಾಯಕ ಸ್ಟೀವಿ ವಂಡರ್ ಒಪ್ಪಂದ ಮುಗಿಸಿದ್ರೆ ಬಂದು ಹಾಡ್ತೀನಿ ಅಂದಿದ್ರು, ಬಂದು ಹಾಡಿದ್ರು ಕೂಡ. ಅದನ್ನ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ, 2014ರಲ್ಲಿ. ನನ್ನ ಆ ಕಣ್ಣು ಕಾಣದ ಗೆಳೆಯರು ಇವತ್ತು ಫೋನಲ್ಲಿ ಬೇರೆ ದೇಶದ ಪುಸ್ತಕ ಕೇಳ್ತಾರೆ.

ವಿಡಿಯೋ ಬೇಡ ಅಂತ ನಾನು ಹೇಳ್ತಿಲ್ಲ, ಇದು ಸ್ಪಷ್ಟ ಇರ್ಲಿ. ವೆಂಟಿಲೇಟರ್ ಮೇಲೆ ಇರೋರು, ಪ್ರಯಾಣದಿಂದ ಜೀವಕ್ಕೇ ಅಪಾಯ ಇರೋರು ಇದ್ದಾರೆ, ಅವರಿಗೆ ವಿಡಿಯೋ ಇರ್ಲೇಬೇಕು, ಸನ್ನೆ ಭಾಷೆ ಮತ್ತು ಕ್ಯಾಪ್ಶನ್ ಜೊತೆಗೆ. ಆದ್ರೆ ಬರ್ತೀನಿ ಅನ್ನೋರಿಗೆ ಮನೇಲೇ ಇರಿ ಅನ್ನೋಕೆ ಅದನ್ನ ಬಳಸೋದು ತಪ್ಪು. ಇನ್ನೊಂದು ಮಾತು, ನಮ್ಮೊಳಗಿನದು. ಹೋಗೋರು ಯಾವಾಗ್ಲೂ ಅದೇ ಮುಖಗಳು, ಇಂಗ್ಲಿಷ್ ಬರೋರು, ನಗರದವರು, ನನ್ನಂಥ ವೀಲ್‌ಚೇರಿನವರು. ಬೌದ್ಧಿಕ ಅಂಗವೈಕಲ್ಯ ಇರೋರು, ಕಿವುಡ ಕುರುಡರು, ಹಳ್ಳಿ ಹೆಣ್ಣುಮಕ್ಕಳು ಎಷ್ಟು ಜನ ಹೋಗಿದ್ದಾರೆ? ಮೂರು ಸಲ ಹೋದವಳಾಗಿ ಇದನ್ನ ನಾನೇ ಹೇಳ್ಬೇಕು, ಮೂರನೇ ಸಲದ ಜಾಗ ಬೇರೆಯವರದ್ದಾಗಿತ್ತು.

ಅದಕ್ಕೇ ಮುಂದಿನ ಸಲ ನಮ್ಮ ಸಂಘದಿಂದ ಹೋಗೋದು ಡೌನ್ ಸಿಂಡ್ರೋಮ್ ಇರೋ ಒಬ್ಬ ಹುಡುಗಿ. ಪಾಸ್‌ಪೋರ್ಟ್ ಬಂದಿದೆ, ಜೊತೆಗೆ ಹೋಗೋರ ಖರ್ಚಿಗೆ ಇನ್ನೂ ಓಡಾಡ್ತಾ ಇದೀವಿ. ಅವಳ ಮಾತನ್ನ ಅವಳೇ ಬರೆದಿದ್ದಾಳೆ, ಸಣ್ಣ ಸಣ್ಣ ವಾಕ್ಯ, ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸ್ಕೊಂಡಿದ್ದಾಳೆ. ದಿನಾ ಸಂಜೆ ಫೋನ್ ಮಾಡಿ ಓದಿ ಹೇಳ್ತಾಳೆ, ನಾನು ಟೈಮ್ ನೋಡ್ತೀನಿ. ನಿನ್ನೆ ಎರಡು ನಿಮಿಷ ಹನ್ನೊಂದು ಸೆಕೆಂಡಿಗೆ ಮುಗೀತು. "ಆಂಟಿ, ಒಂದು ವಾಕ್ಯ ತೆಗೀಬೇಕು ಅಲ್ವಾ" ಅಂದ್ಲು, ಹೂಂ ಅಂದೆ. ಯಾವುದು ಅಂತ ಅವಳೇ ಯೋಚನೆ ಮಾಡಿ ಹೇಳ್ತಾಳಂತೆ.

ಇಂತಿ,
ನಿಮ್ಮ ಓದುಗಳು